ಕಾಫಿ ಪಲ್ಪರನ್ನು ಕ್ಯಾಡ್‌ನಲ್ಲಿ ಜೋಡಿಸುವುದು: ಭಾಗಗಳನ್ನು ಕೂರಿಸಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಅರೇಬಿಕಾ ಹಣ್ಣು ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಅಷ್ಟರೊಳಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಸಿದ್ಧವಿರಬೇಕೆಂದು ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ವರ್ಕ್‌ಶಾಪ್‌ಗಳಲ್ಲಿ ಮಳೆಗಾಲದಲ್ಲೇ ಕೆಲಸ ಶುರುವಾಗಬೇಕು. ಸವೆದ ಡ್ರಮ್ಮಿಗೆ ಹೊಸ ಶೀಟು, ಹೊಸ ಶಾಫ್ಟು, ಕೆಲವೊಮ್ಮೆ ಇಡೀ ಫ್ರೇಮೇ ಹೊಸದು. ಆ್ಯಂಗಲ್ ಕತ್ತರಿಸುವ ಮೊದಲು ಕಂಪ್ಯೂಟರಿನಲ್ಲಿ, ಅಂದರೆ ಕ್ಯಾಡ್ ಸಾಫ್ಟ್‌ವೇರಿನಲ್ಲಿ, ಜೋಡಿಸಿ ನೋಡಿದರೆ, ವೆಲ್ಡ್ ಆದ ಮೇಲೆ ಗ್ರೈಂಡರ್ ಹಿಡಿಯುವ ಕೆಲಸ ತಪ್ಪುತ್ತದೆ. ಬಿಡಿಭಾಗ ಬರೆಯುವುದು ಬೇಗ ಕೈಗೆ ಹತ್ತುತ್ತದೆ. ಮುಗ್ಗರಿಸುವುದು ಜೋಡಣೆಯಲ್ಲಿ. ಭಾಗ ಅಲ್ಲಾಡುತ್ತಿದೆ ಎಂದು ಒಂದು ಜಾಯಿಂಟ್ (ಎರಡು ಭಾಗಗಳನ್ನು ಒಂದಕ್ಕೊಂದು ಹಿಡಿಸುವ ಬಂಧ), ಇನ್ನೂ ಅಲ್ಲಾಡುತ್ತಿದೆ ಎಂದು ಮತ್ತೊಂದು ಹಾಕುತ್ತ ಹೋದರೆ ಕೊನೆಗೆ ಪರದೆ ತುಂಬ ಕೆಂಪು ಗುರುತು ಉಳಿಯುತ್ತದೆ.

ಈ ಮಾರ್ಗದರ್ಶಿ ನಿಂತಿರುವುದು ಒಂದೇ ನಿಯಮದ ಮೇಲೆ: ನಿಜವಾದ ಯಂತ್ರದಲ್ಲಿ ಯಾವುದು ಯಾವುದನ್ನು ಹಿಡಿದಿದೆಯೋ ಅದನ್ನೇ ಮಾದರಿಯಲ್ಲೂ ಹಿಡಿಸಬೇಕು, ಯಂತ್ರದಲ್ಲಿ ಯಾವುದು ಜರುಗುತ್ತದೋ ಅದನ್ನು ಜರುಗಲು ಬಿಡಬೇಕು. ಉದಾಹರಣೆಗೆ ಡ್ರಮ್ ಪಲ್ಪರ್ ತೆಗೆದುಕೊಂಡಿದ್ದೇವೆ. ಸಾಫ್ಟ್‌ವೇರ್ ಫ್ರೀಕ್ಯಾಡ್ 1.0. 2024ರ ನವೆಂಬರಿನಲ್ಲಿ ಬಿಡುಗಡೆಯಾದ ಈ ಆವೃತ್ತಿಯಲ್ಲಿ ಭಾಗಗಳನ್ನು ಜೋಡಿಸುವ ವಿಭಾಗವಾದ ಅಸೆಂಬ್ಲಿ ವರ್ಕ್‌ಬೆಂಚ್ ಒಳಗೇ ಬಂದಿದೆ, ದುಡ್ಡು ಕೊಡಬೇಕಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಸಾಲಿಡ್‌ವರ್ಕ್ಸ್ ಕಲಿತವರಿಗೂ ದಾರಿ ತಪ್ಪದಂತೆ ಅಲ್ಲಲ್ಲಿ ಅದರ ಮೇಟ್‌ಗಳ (ಅಲ್ಲಿ ಜಾಯಿಂಟಿನ ಕೆಲಸ ಮಾಡುವ ಬಂಧಗಳ) ಲೆಕ್ಕವನ್ನೂ ಹೇಳಿದ್ದೇವೆ.

ಮೊದಲು ಲೆಕ್ಕ: ಆರು ಚಲನೆಗಳು

ಯಾವುದಕ್ಕೂ ತಾಗದೆ ತೇಲುತ್ತಿರುವ ಒಂದು ಗಟ್ಟಿ ವಸ್ತುವಿಗೆ ಆರು ಚಲನೆಗಳಿವೆ. ಮೂರು ದಿಕ್ಕಿನಲ್ಲಿ ಜರುಗಬಹುದು, ಮೂರು ಅಕ್ಷದ ಸುತ್ತ ತಿರುಗಬಹುದು. ಪ್ರತಿಯೊಂದು ಜಾಯಿಂಟ್ ಇವುಗಳಲ್ಲಿ ಕೆಲವನ್ನು ಕಸಿದುಕೊಳ್ಳುತ್ತದೆ. ಫಿಕ್ಸ್ಡ್ ಜಾಯಿಂಟ್ ಆರನ್ನೂ ತೆಗೆಯುತ್ತದೆ. ರಿವಾಲ್ಯೂಟ್ ಐದನ್ನು ತೆಗೆದು ತಿರುಗುವ ಒಂದನ್ನು ಬಿಡುತ್ತದೆ. ಸ್ಲೈಡರ್ ಕೂಡ ಐದು ತೆಗೆಯುತ್ತದೆ, ಆದರೆ ಉಳಿಸುವುದು ಜರುಗುವ ಒಂದನ್ನು. ಸಿಲಿಂಡ್ರಿಕಲ್ ನಾಲ್ಕು ತೆಗೆದು, ಒಂದೇ ಅಕ್ಷದ ಮೇಲೆ ತಿರುಗುವುದನ್ನೂ ಜರುಗುವುದನ್ನೂ ಬಿಡುತ್ತದೆ. ಬಾಲ್ ಜಾಯಿಂಟ್ ಮೂರು ತೆಗೆಯುತ್ತದೆ.

ಸಾಲಿಡ್‌ವರ್ಕ್ಸ್‌ನಲ್ಲಿ ಈ ಲೆಕ್ಕ ಸ್ವಲ್ಪ ಮರೆಯಾಗಿರುತ್ತದೆ. ಎರಡು ಸಮತಲಗಳನ್ನು ಒಂದಕ್ಕೊಂದು ತಾಗಿಸುವ ಕೋಇನ್ಸಿಡೆಂಟ್ ಮೇಟ್ ಮೂರು ಚಲನೆ ತೆಗೆಯುತ್ತದೆ, ಎರಡು ಅಕ್ಷಗಳನ್ನು ಒಂದಾಗಿಸುವ ಕಾನ್ಸೆಂಟ್ರಿಕ್ ನಾಲ್ಕು ತೆಗೆಯುತ್ತದೆ. ಶಾಫ್ಟನ್ನು ರಂಧ್ರದಲ್ಲಿ ಕೂರಿಸಿ ಅದರ ಭುಜವನ್ನು ಬೇರಿಂಗಿನ ಮುಖಕ್ಕೆ ತಾಗಿಸಿದರೆ ಕೂಡಿಸಿದಾಗ ಏಳು ಆಗುತ್ತದೆ. ಆದರೂ ಶಾಫ್ಟ್ ತಿರುಗುತ್ತದೆ. ಏಕೆಂದರೆ ಓರೆಯಾಗುವ ಎರಡು ಚಲನೆಗಳನ್ನು ಎರಡೂ ಮೇಟ್‌ಗಳು ತಡೆಯುತ್ತಿವೆ. ಏಳರಲ್ಲಿ ಎರಡು ಪುನರಾವರ್ತನೆ, ನಿಜವಾಗಿ ಹೋದದ್ದು ಐದು. ಮುಖ ಅಕ್ಷಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ಇರುವವರೆಗೆ ಈ ಪುನರಾವರ್ತನೆಯಿಂದ ತೊಂದರೆಯಿಲ್ಲ. ಮುಖವನ್ನು ಅರ್ಧ ಡಿಗ್ರಿ ಓರೆಯಾಗಿ ಬರೆದಿದ್ದರೆ ಎರಡು ಮೇಟ್‌ಗಳೂ ಒಂದನ್ನೊಂದು ಎಳೆದಾಡಿ ದೋಷ ತೋರಿಸುತ್ತವೆ. ‘ನಿನ್ನೆಯವರೆಗೆ ಸರಿಯಿತ್ತು, ಇವತ್ತು ಒಂದು ಅಳತೆ ಬದಲಿಸಿದ್ದಕ್ಕೆ ಎಲ್ಲ ಕೆಂಪಾಯಿತು’ ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇಂಥ ಪುನರಾವರ್ತನೆಯೇ ಅಡಗಿರುತ್ತದೆ.

ನಾವು ಜೋಡಿಸುವ ಯಂತ್ರ

ಅಳತೆಗಳು ಈ ಉದಾಹರಣೆಗೆ ಆರಿಸಿಕೊಂಡವು. ನಿಮ್ಮ ಯಂತ್ರದ ಅಳತೆಯನ್ನು ನೀವೇ ವರ್ನಿಯರ್ ಹಿಡಿದು ತೆಗೆಯಿರಿ. ಎರಕದ ಭಾಗವಾದರೆ ಒಂದೇ ಕಡೆ ಅಳೆದು ಬಿಡಬೇಡಿ, ಮೂರು ಕಡೆ ಅಳೆಯಿರಿ.

ಫ್ರೇಮು 50×50×6ರ ಎಂ.ಎಸ್. (ಮೈಲ್ಡ್ ಸ್ಟೀಲ್) ಆ್ಯಂಗಲ್ಲಿನದು. ಡ್ರಮ್ಮಿನ ವ್ಯಾಸ 200 ಮಿ.ಮೀ., ಉದ್ದ 300. ಶಾಫ್ಟ್ 25 ಮಿ.ಮೀ., ಉದ್ದ 560. ಬೇರಿಂಗಿಗೆ ಎರಡು ಯುಸಿಪಿ 205 ಪಿಲ್ಲೋ ಬ್ಲಾಕ್, ಅಂದರೆ ಬೇರಿಂಗನ್ನು ಒಳಗೆ ಹಿಡಿದು ಬೋಲ್ಟಿನಿಂದ ಫ್ರೇಮಿಗೆ ಕೂರುವ ಬ್ಲಾಕ್. ಇವುಗಳ ಒಳರಂಧ್ರ 25 ಮಿ.ಮೀ., ತಳದಿಂದ ಶಾಫ್ಟಿನ ಮಧ್ಯಕ್ಕೆ 36.5, ತಳದ ಉದ್ದ 140, ಬೋಲ್ಟ್ ರಂಧ್ರಗಳ ಮಧ್ಯಾಂತರ 105, ಬೋಲ್ಟ್ ಎಂ10. ಎರಡು ಬ್ಲಾಕುಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 400. ಮೋಟರ್ 1 ಎಚ್‌ಪಿ, 4 ಪೋಲ್, 80ರ ಫ್ರೇಮ್: ಪಾದದಿಂದ ಶಾಫ್ಟ್ ಮಧ್ಯಕ್ಕೆ 80 ಮಿ.ಮೀ., ಶಾಫ್ಟ್ 19, ಪಾದದ ರಂಧ್ರಗಳು 125×100. ಮೋಟರಿಗೆ 75ರ ಪುಲ್ಲಿ, ಡ್ರಮ್ ಶಾಫ್ಟಿಗೆ 450ರ ಪುಲ್ಲಿ, ಎ ಸೆಕ್ಷನ್ ವಿ-ಬೆಲ್ಟ್. ಕೊನೆಗೆ ಡ್ರಮ್ಮಿನ ಎದುರು ನಿಂತು ಹಣ್ಣನ್ನು ಒತ್ತಿ ಸಿಪ್ಪೆ ಬಿಡಿಸುವ ಬ್ರೆಸ್ಟ್ ಪ್ಲೇಟ್, ಅದನ್ನು ಹಿಂದೆ ಮುಂದೆ ಸರಿಸುವ ಸ್ಲಾಟುಗಳು.

ಫೈಲ್ ತೆರೆಯುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಕೆಲಸ ಮುಗಿದ ಮೇಲೆ ಈ ಯಂತ್ರದಲ್ಲಿ ಏನೇನು ಚಲಿಸಬೇಕು? ಡ್ರಮ್ ತಿರುಗಬೇಕು, ಅದರ ಜೊತೆಗೆ ಬೆಲ್ಟಿನಿಂದ ಮೋಟರೂ ತಿರುಗಬೇಕು, ಇದು ಒಂದು. ಬ್ರೆಸ್ಟ್ ಹಿಂದೆ ಮುಂದೆ ಸರಿಯಬೇಕು, ಎರಡು. ಬೆಲ್ಟ್ ಬಿಗಿಮಾಡಲು ಮೋಟರ್ ಸರಿಯಬೇಕು, ಮೂರು. ಅಂದರೆ ಮಾದರಿ ಮುಗಿದಾಗ ಉಳಿಯಬೇಕಾದದ್ದು ಮೂರು ಚಲನೆ. ನಾಲ್ಕು ಉಳಿದರೆ ಯಾವುದೋ ಭಾಗ ಸಡಿಲವಿದೆ. ಎರಡೇ ಉಳಿದರೆ ಯಂತ್ರದಲ್ಲಿ ಸರಿಯುವ ಏನನ್ನೋ ಮಾದರಿಯಲ್ಲಿ ಬಿಗಿದುಬಿಟ್ಟಿದ್ದೀರಿ.

ಭಾಗ ಬರೆಯುವಾಗಲೇ ಮೂಲಬಿಂದು ಸರಿಯಿರಲಿ

ಜೋಡಣೆಯ ಅರ್ಧ ಕೆಲಸ ಇಲ್ಲಿ ಮುಗಿಯುತ್ತದೆ. ಪ್ರತಿ ಭಾಗದ ಮೂಲಬಿಂದುವನ್ನು ಆ ಭಾಗ ಕೆಲಸ ಮಾಡುವ ಜಾಗದಲ್ಲಿ ಇಡಿ. ಪಿಲ್ಲೋ ಬ್ಲಾಕಿಗೆ ಅದು ಒಳರಂಧ್ರದ ಅಕ್ಷದ ಮಧ್ಯ. ಡ್ರಮ್ಮಿಗೆ ಅಕ್ಷದ ಮೇಲೆ ಉದ್ದದ ನಡುಬಿಂದು. ಮೋಟರಿಗೆ ಶಾಫ್ಟಿನ ಅಕ್ಷದ ಮೇಲೆ, ಪಾದದ ರಂಧ್ರಗಳ ನಡುವೆ. ಪುಲ್ಲಿಗೆ ಗ್ರೂವಿನ ಮಧ್ಯದ ಸಮತಲ. ತಿರುಗುವ ಭಾಗಗಳೆಲ್ಲದರಲ್ಲೂ ಝಡ್ ಅಕ್ಷವೇ ತಿರುಗುವ ಅಕ್ಷವಾಗಿರಲಿ. ಹೀಗಿಟ್ಟರೆ ಭಾಗದ ಸ್ಥಾನದ ಅಂಕಿಗಳನ್ನು ಓದಿದರೆ ಸಾಕು, ಅದು ಎಲ್ಲಿ ಕೂತಿದೆ ಎಂದು ತಿಳಿಯುತ್ತದೆ: ಬ್ಲಾಕಿನ ಎತ್ತರ ರೈಲಿನ (ಫ್ರೇಮಿನಲ್ಲಿ ಅದು ಕೂರುವ ಆ್ಯಂಗಲ್ಲಿನ) ಮೇಲ್ಮೈಯಿಂದ 36.5 ಎಂದು ಬಂದರೆ ಸರಿ, 36.48 ಎಂದು ಬಂದರೆ ಎಲ್ಲೋ ಎಡವಟ್ಟಾಗಿದೆ.

ಜಾಯಿಂಟ್ ಹಿಡಿಯಲು ಯಾವ ಅಂಚು, ಯಾವ ಮುಖ ಆರಿಸುತ್ತೀರಿ ಎನ್ನುವುದೂ ಮುಖ್ಯ. ಲೇತಿನಲ್ಲಿ ತಿರುವಿದ ಮುಖ, ಕೊರೆದ ರಂಧ್ರದ ಅಂಚು, ಇವು ಭರವಸೆಯವು. ಚೇಂಫರ್ (ಓರೆಯಾಗಿ ಕತ್ತರಿಸಿದ ಅಂಚು), ಫಿಲೆಟ್ (ದುಂಡಗೆ ಮಾಡಿದ ಅಂಚು), ವೆಲ್ಡಿನ ಅಂಚು ಇವುಗಳನ್ನು ಮುಟ್ಟಬೇಡಿ. ನಾಳೆ ಚೇಂಫರ್ 1 ಮಿ.ಮೀ. ಇದ್ದದ್ದನ್ನು 2 ಮಾಡಿದರೆ, ಅದರ ಅಂಚಿಗೆ ಕಟ್ಟಿದ ಭಾಗವೂ ಜೊತೆಯಲ್ಲಿ 1 ಮಿ.ಮೀ. ಸರಿಯುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಫ್ರೀಕ್ಯಾಡಿನ ಹಳೆಯ ಆವೃತ್ತಿಗಳಲ್ಲಿ ಅಳತೆ ಬದಲಿಸಿದಾಗ ಮುಖಗಳ ಹೆಸರೇ ಅದಲುಬದಲಾಗುವ ತೊಂದರೆ ದೊಡ್ಡದಿತ್ತು. 1.0ರಲ್ಲಿ ಅದನ್ನು ಬಹಳಮಟ್ಟಿಗೆ ಹತೋಟಿಗೆ ತಂದಿದ್ದಾರೆ, ಪೂರ್ತಿ ಇಲ್ಲವಾಗಿಲ್ಲ.

ಹಂತ 1: ಫೋಲ್ಡರ್, ಫೈಲ್, ಫ್ರೇಮು

ಎಲ್ಲ ಭಾಗಗಳ ಫೈಲುಗಳನ್ನೂ ಜೋಡಣೆಯ ಫೈಲನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಜೋಡಣೆಯಲ್ಲಿ ಭಾಗಗಳ ನಕಲು ಇರುವುದಿಲ್ಲ, ಅವುಗಳಿಗೆ ಕೊಂಡಿ ಮಾತ್ರ ಇರುತ್ತದೆ. ಪೆನ್‌ಡ್ರೈವಿನಲ್ಲಿ ಜೋಡಣೆಯ ಫೈಲೊಂದನ್ನೇ ಒಯ್ದರೆ ಅಲ್ಲಿ ತೆರೆದಾಗ ಖಾಲಿ ಕಾಣುತ್ತದೆ. ಹೊಸ ಫೈಲನ್ನು ಮೊದಲು ಸೇವ್ ಮಾಡಿ, ಆಮೇಲೆ ಅಸೆಂಬ್ಲಿ ವರ್ಕ್‌ಬೆಂಚಿಗೆ ಹೋಗಿ ಹೊಸ ಅಸೆಂಬ್ಲಿ ರಚಿಸಿ, ಭಾಗ ಸೇರಿಸುವ ಆಜ್ಞೆಯಿಂದ ಫ್ರೇಮನ್ನು ತನ್ನಿ.

ಮೊದಲು ತರುವ ಭಾಗ ಫ್ರೇಮೇ ಆಗಿರಲಿ, ಅದನ್ನೇ ಗ್ರೌಂಡೆಡ್ ಮಾಡಿ, ಅಂದರೆ ಅಲ್ಲಾಡದಂತೆ ಜಾಗದಲ್ಲಿ ನಿಲ್ಲಿಸಿ. ಇಡೀ ಮಾದರಿಯಲ್ಲಿ ಗ್ರೌಂಡೆಡ್ ಆಗಿರಬೇಕಾದದ್ದು ಇದೊಂದೇ. ಒಂದೂ ಗ್ರೌಂಡೆಡ್ ಇಲ್ಲದಿದ್ದರೆ ಯಾವುದಕ್ಕೆ ಹೋಲಿಸಿ ಯಾವುದನ್ನು ಸರಿಸಬೇಕೆಂದು ಸಾಫ್ಟ್‌ವೇರಿಗೆ ತಿಳಿಯದು. ಎರಡು ಇದ್ದರೆ ಅವುಗಳ ನಡುವಿನ ಅಂತರ ನೀವು ಕೈಯಿಂದ ಎಳೆದಿಟ್ಟ ಅಂತರವೇ ಆಗಿಬಿಡುತ್ತದೆ, ಅಳತೆಗೆ ಬೆಲೆಯಿರುವುದಿಲ್ಲ. ಮೋಟರ್ ಅಲ್ಲಾಡುತ್ತದೆಂದು ಅದನ್ನೂ ಗ್ರೌಂಡ್ ಮಾಡುವುದು ಶುರುವಿನಲ್ಲಿ ಎಲ್ಲರಿಗೂ ಬರುವ ಆಸೆ. ಬೇಡ.

ಹಂತ 2: ಪಿಲ್ಲೋ ಬ್ಲಾಕುಗಳು

ಮೊದಲ ಬ್ಲಾಕನ್ನು ತಂದು ಅದರ ಜಾಗದ ಹತ್ತಿರಕ್ಕೆ ಎಳೆದಿಡಿ. ಸಾಲ್ವರ್ (ಜಾಯಿಂಟುಗಳಿಗೆ ತಕ್ಕಂತೆ ಭಾಗಗಳ ಸ್ಥಾನ ಲೆಕ್ಕಹಾಕುವ ಸಾಫ್ಟ್‌ವೇರಿನ ಭಾಗ) ಈಗಿರುವ ಸ್ಥಾನದಿಂದ ಹತ್ತಿರದ ಉತ್ತರವನ್ನು ಹುಡುಕುತ್ತದೆ. ಭಾಗ ತಲೆಕೆಳಗಾಗಿ ದೂರದಲ್ಲಿದ್ದರೆ ತಲೆಕೆಳಗಾದ ಉತ್ತರವೇ ಸಿಗಬಹುದು.

ಫಿಕ್ಸ್ಡ್ ಜಾಯಿಂಟ್ ಒತ್ತಿ, ಬ್ಲಾಕಿನ ತಳದಲ್ಲಿ ಒಂದು ಬೋಲ್ಟ್ ರಂಧ್ರದ ವೃತ್ತದ ಅಂಚನ್ನು ಆರಿಸಿ, ನಂತರ ರೈಲಿನ ಮೇಲ್ಮೈಯಲ್ಲಿ ಅದಕ್ಕೆ ಹೊಂದುವ ರಂಧ್ರದ ಅಂಚನ್ನು ಆರಿಸಿ. ಮೌಸನ್ನು ಅಂಚಿನ ಮೇಲೆ ತಂದಾಗ ಚಿಕ್ಕ ಮೂರು ಅಕ್ಷಗಳ ಗುರುತು ಕಾಣುತ್ತದೆ. ಅದರ ಕೇಂದ್ರ ರಂಧ್ರದ ಮಧ್ಯದಲ್ಲಿದೆಯೇ ಎಂದು ನೋಡಿಯೇ ಕ್ಲಿಕ್ ಮಾಡಿ. ಎರಡು ಭಾಗಗಳ ಝಡ್ ಅಕ್ಷಗಳು ಒಂದಾಗಿ ಕೂರುತ್ತವೆ. ಬ್ಲಾಕ್ ರೈಲಿನ ಕೆಳಗೆ ನೇತಾಡಿದರೆ ರಿವರ್ಸ್ ಒತ್ತಿ. ಅಡ್ಡ ತಿರುಗಿ ಕೂತರೆ ತಿರುವಿನ ಕೋನಕ್ಕೆ 90 ಕೊಡಿ.

ಇಲ್ಲೇ ಒಂದು ಬಲೆಯಿದೆ. ಎರಡನೇ ಬೋಲ್ಟ್ ರಂಧ್ರವನ್ನೂ ಹೊಂದಿಸೋಣ ಎಂದು ಮತ್ತೊಂದು ಜಾಯಿಂಟ್ ಹಾಕುವುದು. ಸಾಲಿಡ್‌ವರ್ಕ್ಸ್‌ನಲ್ಲಾದರೆ ಎರಡನೇ ಕಾನ್ಸೆಂಟ್ರಿಕ್. ಬ್ಲಾಕಿನಲ್ಲಿ ರಂಧ್ರಗಳ ಅಂತರ 105. ಫ್ರೇಮಿನ ಡ್ರಾಯಿಂಗಿನಲ್ಲಿ 105.2 ಎಂದು ಬಿದ್ದಿದ್ದರೆ ಎರಡೂ ಏಕಕಾಲಕ್ಕೆ ಹೊಂದಲಾರವು, ದೋಷ ಬರುತ್ತದೆ. ನಿಜದಲ್ಲಿ ಬ್ಲಾಕಿನ ರಂಧ್ರ 13 ಮಿ.ಮೀ. ಅಗಲ, ಬೋಲ್ಟ್ 10 ಮಿ.ಮೀ.; 0.2 ವ್ಯತ್ಯಾಸ ಫಿಟ್ಟರ್‌ಗೆ ಗೊತ್ತೂ ಆಗುವುದಿಲ್ಲ. ಆದರೆ ಜಾಯಿಂಟಿಗೆ ಆ ಸಡಿಲಿನ ಅರಿವಿಲ್ಲ, ಅದು ನೋಡುವುದು ಅಕ್ಷ ಮಾತ್ರ. ಹಾಗಾಗಿ ಒಂದು ರಂಧ್ರದಿಂದ ಸ್ಥಾನ ಹಿಡಿಸಿ, ದಿಕ್ಕನ್ನು ತಿರುವಿನ ಕೋನದಿಂದ (ಸಾಲಿಡ್‌ವರ್ಕ್ಸ್‌ನಲ್ಲಾದರೆ ಪಕ್ಕದ ಮುಖ ರೈಲಿಗೆ ಸಮಾಂತರವಾಗಿರುವುದರಿಂದ) ಹಿಡಿಸಿ. ಎರಡನೇ ರಂಧ್ರವನ್ನು ಅಳತೆ ಉಪಕರಣದಿಂದ ಪರೀಕ್ಷಿಸಿದರೆ ಸಾಕು.

ಎರಡನೇ ಬ್ಲಾಕನ್ನೂ ಇದೇ ರೀತಿ ಎದುರಿನ ರೈಲಿಗೆ ಕಟ್ಟಿ. ಆಮೇಲೆ ಎರಡು ಒಳರಂಧ್ರಗಳ ಮಧ್ಯಬಿಂದುಗಳನ್ನು ಅಳೆಯಿರಿ: ಅಂತರ 400, ಎತ್ತರದಲ್ಲಿ ಮತ್ತು ಅಡ್ಡದಲ್ಲಿ ವ್ಯತ್ಯಾಸ ಸೊನ್ನೆ. ಇಲ್ಲಿ ಸೊನ್ನೆ ಬಾರದಿದ್ದರೆ ಮುಂದೆ ಹೋಗದೆ ಫ್ರೇಮಿನ ರಂಧ್ರಗಳನ್ನು ತಿದ್ದಿ.

ಹಂತ 3: ತಿರುಗುವ ಗುಂಪು ಬೇರೆ ಫೈಲಿನಲ್ಲಿ

ಶಾಫ್ಟ್, ಡ್ರಮ್, ಕೀ (ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ನಡುವೆ ಕೂರುವ ಲೋಹದ ತುಂಡು), ದೊಡ್ಡ ಪುಲ್ಲಿ ಇವು ನಾಲ್ಕೂ ಒಟ್ಟಿಗೇ ತಿರುಗುತ್ತವೆ, ಒಂದರ ಮೇಲೊಂದು ಜರುಗುವುದಿಲ್ಲ. ಇವನ್ನು ಬೇರೆ ಫೈಲಿನಲ್ಲಿ ಒಂದು ಉಪಜೋಡಣೆ ಮಾಡಿ. ಅಲ್ಲಿ ಶಾಫ್ಟನ್ನು ಗ್ರೌಂಡ್ ಮಾಡಿ, ಉಳಿದದ್ದನ್ನೆಲ್ಲ ಅದಕ್ಕೆ ಫಿಕ್ಸ್ಡ್ ಜಾಯಿಂಟಿನಿಂದ ಕಟ್ಟಿ. 25ರ ಶಾಫ್ಟಿಗೆ ಕೀ 8×7, ಶಾಫ್ಟಿನಲ್ಲಿ ಕೀವೇ (ಕೀ ಕೂರುವ ಕಚ್ಚು) ಆಳ 4 ಮಿ.ಮೀ. ಪುಲ್ಲಿಯ ಕೀವೇ ಶಾಫ್ಟಿನ ಕೀವೇಗೆ ಸರಿಯಾಗಿ ಎದುರು ಬರುವಂತೆ ಕೋನ ಕೊಡಿ. ಇದನ್ನು ಉಪೇಕ್ಷೆ ಮಾಡಿದರೆ ನೋಡಲು ಏನೂ ತಪ್ಪು ಕಾಣದು, ಆದರೆ ಅಡ್ಡಛೇದದ ಡ್ರಾಯಿಂಗ್ ತೆಗೆದಾಗ ಕೀ ಪುಲ್ಲಿಯ ಗಟ್ಟಿ ಲೋಹದೊಳಗೆ ಹೂತಿರುತ್ತದೆ.

ಮುಖ್ಯ ಜೋಡಣೆಗೆ ಇದನ್ನು ತಂದಾಗ ರಿಜಿಡ್ ಆಗಿಯೇ ಇರಲಿ. ನಾಲ್ಕು ಭಾಗದ ಬದಲು ಒಂದೇ ಭಾಗದ ಲೆಕ್ಕ, ಸಾಲ್ವರಿಗೂ ಹಗುರ, ನಿಮಗೂ ಹಗುರ.

ಹಂತ 4: ಶಾಫ್ಟನ್ನು ಬೇರಿಂಗಿನಲ್ಲಿ ಕೂರಿಸುವುದು

ಯಂತ್ರದಲ್ಲಿ ಎರಡು ಬೇರಿಂಗ್ ಇವೆ, ಆದ್ದರಿಂದ ಎರಡು ರಿವಾಲ್ಯೂಟ್ ಜಾಯಿಂಟ್ ಎಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ರಿವಾಲ್ಯೂಟ್ ಐದು ಚಲನೆ ತೆಗೆಯುತ್ತದೆ, ಎರಡು ಹಾಕಿದರೆ ಹತ್ತು. ಶಾಫ್ಟಿಗೆ ಇರುವುದೇ ಆರು, ಅದರಲ್ಲಿ ಒಂದು ಉಳಿಯಲೇಬೇಕು. ಐದು ಹೆಚ್ಚುವರಿ. ಅಂತರ ಕರಾರುವಾಕ್ಕಾಗಿ 400 ಇರುವವರೆಗೆ ಸಾಲ್ವರ್ ಇದನ್ನು ಸಹಿಸಿಕೊಳ್ಳಬಹುದು. ಫ್ರೇಮಿನ ಅಳತೆ 1 ಮಿ.ಮೀ. ಬದಲಾದ ಕ್ಷಣ ಮುರಿಯುತ್ತದೆ.

ನಿಜವಾದ ಯಂತ್ರ ಇದನ್ನು ಹೇಗೆ ನಿಭಾಯಿಸುತ್ತದೆ ನೋಡಿ. ಪಿಲ್ಲೋ ಬ್ಲಾಕಿನೊಳಗಿನ ಬೇರಿಂಗಿನ ಹೊರಮೈ ಗೋಳಾಕಾರದ್ದು, ಕೂರಿಸುವಾಗ ಸ್ವಲ್ಪ ಓರೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಉದ್ದದ ದಿಕ್ಕಿನಲ್ಲಿ ಶಾಫ್ಟಿನ ಜಾಗ ನಿರ್ಧರಿಸುವುದು ಗ್ರಬ್ ಸ್ಕ್ರೂ (ಬೇರಿಂಗನ್ನು ಶಾಫ್ಟಿಗೆ ಹಿಡಿಸುವ ತಲೆಯಿಲ್ಲದ ಚಿಕ್ಕ ಸ್ಕ್ರೂ) ಮೊದಲು ಬಿಗಿದ ಬೇರಿಂಗ್. ಮಾದರಿಯಲ್ಲೂ ಹಾಗೇ ಮಾಡಿ. ಪುಲ್ಲಿ ಕಡೆಯ ಬ್ಲಾಕಿಗೆ ರಿವಾಲ್ಯೂಟ್ ಜಾಯಿಂಟ್ ಕೊಡಿ. ಬ್ಲಾಕಿನ ಒಳರಂಧ್ರದ ವೃತ್ತವನ್ನೂ, ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗದ ವೃತ್ತವನ್ನೂ ಆರಿಸಿ, ಬೇಕಾದ ಆಫ್‌ಸೆಟ್ ಕೊಡಿ. ಎರಡನೇ ಬ್ಲಾಕಿಗೂ ಶಾಫ್ಟಿಗೂ ನಡುವೆ ಯಾವ ಜಾಯಿಂಟೂ ಬೇಡ. ಶಾಫ್ಟ್ ಅದರ ರಂಧ್ರದ ಮಧ್ಯದಲ್ಲಿ ಹಾಯುತ್ತಿದೆಯೇ ಎಂದು ಅಳೆದು ನೋಡಿ. ಹಾಯದಿದ್ದರೆ ತಪ್ಪು ಫ್ರೇಮಿನಲ್ಲಿದೆ, ಅದು ನಿಮಗೆ ತಿಳಿಯಲೇಬೇಕಾದ ಸುದ್ದಿ. ಎರಡನೇ ಜಾಯಿಂಟ್ ಹಾಕಿದ್ದರೆ ಆ ಸುದ್ದಿ ಒಂದು ಅರ್ಥವಾಗದ ದೋಷಸಂದೇಶವಾಗಿ ಬರುತ್ತಿತ್ತು.

ಈಗ ಡ್ರಮ್ಮನ್ನು ಮೌಸಿನಲ್ಲಿ ಹಿಡಿದು ಎಳೆಯಿರಿ. ಸುಮ್ಮನೆ ತಿರುಗಬೇಕು, ಬೇರೆ ಯಾವ ಕಡೆಗೂ ಜರುಗಬಾರದು. ರೈಲುಗಳು ಬ್ಲಾಕಿನ ಮಧ್ಯಕ್ಕೆ ಸರಿಯಾಗಿದ್ದರೆ ಅವುಗಳ ಒಳ ಅಂಚುಗಳ ನಡುವೆ 350 ಮಿ.ಮೀ. ಇರುತ್ತದೆ. 300ರ ಡ್ರಮ್ ನಡುವೆ ಕೂತರೆ ಎರಡೂ ಕಡೆ 25. ಒಂದು ಕಡೆ 25 ಇಲ್ಲದಿದ್ದರೆ ರಿವಾಲ್ಯೂಟಿನ ಆಫ್‌ಸೆಟ್ ತಿದ್ದಿ, ಡ್ರಮ್ಮಿನ ಜಾಗವನ್ನು ಶಾಫ್ಟಿನ ಮೇಲೆ ಸರಿಸಬೇಡಿ.

ಹಂತ 5: ಬ್ರೆಸ್ಟ್ ಪ್ಲೇಟ್, ಇಡೀ ಯಂತ್ರದ ಜೀವಾಳ

ಪಲ್ಪರಿನ ಕೆಲಸ ನಿಂತಿರುವುದು ಡ್ರಮ್ಮಿಗೂ ಬ್ರೆಸ್ಟಿಗೂ ನಡುವಿನ ಸಂದಿಯ ಮೇಲೆ. ಸಂದಿ ಹೆಚ್ಚಾದರೆ ಸಿಪ್ಪೆ ಬಿಡದ ಹಣ್ಣು ಹಾಗೇ ಕೆಳಗೆ ಬೀಳುತ್ತದೆ, ಕಡಿಮೆಯಾದರೆ ಬೀಜ ಗಾಯಗೊಳ್ಳುತ್ತದೆ. ಗಾಯಗೊಂಡ ಬೀಜ ಪಾರ್ಚ್‌ಮೆಂಟಿನ (ತೆಳು ಹೊಟ್ಟಿನೊಡನೆ ಒಣಗಿಸಿದ ಬೀಜದ) ದರ್ಜೆಯನ್ನೇ ಇಳಿಸುತ್ತದೆ. ಅರೇಬಿಕಾ ಮುಗಿದು ರೊಬಸ್ಟಾ ಹಾಕುವಾಗ ಹಣ್ಣಿನ ಗಾತ್ರ ಬದಲಾಗುವುದರಿಂದ ಸಂದಿಯನ್ನು ಮತ್ತೆ ಹೊಂದಿಸಬೇಕು. ಆದ್ದರಿಂದ ಬ್ರೆಸ್ಟನ್ನು ಫಿಕ್ಸ್ಡ್ ಮಾಡಬೇಡಿ. ಸ್ಲೈಡರ್ ಜಾಯಿಂಟ್ ಕೊಡಿ, ದಿಕ್ಕು ಪಕ್ಕದ ಪ್ಲೇಟಿನಲ್ಲಿರುವ ಸ್ಲಾಟಿನ ಉದ್ದಕ್ಕೆ.

ಆಮೇಲೆ ಮಿತಿಗಳು. ಸ್ಲೈಡರಿನ ಸಂವಾದದಲ್ಲಿ ಕನಿಷ್ಠ ಮತ್ತು ಗರಿಷ್ಠ ಉದ್ದ ಕೊಡಲು ಜಾಗವಿದೆ. ಉದಾಹರಣೆಗೆ ಸೊನ್ನೆಯ ಸ್ಥಾನದಲ್ಲಿ ಸಂದಿ 4 ಮಿ.ಮೀ. ಇರಲಿ, ಸ್ಲಾಟಿನ ಓಟ 20 ಮಿ.ಮೀ. ಸ್ಲಾಟನ್ನು ಎರಡೂ ಕಡೆ ಹತ್ತು ಹತ್ತು ಎಂದು ಬರೆದಿದ್ದರೆ ಬ್ರೆಸ್ಟ್ 4 ಮಿ.ಮೀ. ಮುಂದೆ ಹೋದೊಡನೆ ಡ್ರಮ್ಮಿಗೆ ಬಡಿಯುತ್ತದೆ, ಇನ್ನೂ 6 ಮಿ.ಮೀ. ಓಟ ಉಳಿದಿರುತ್ತದೆ. ತಿರುಗುವ ಡ್ರಮ್ಮಿಗೆ ಬ್ರೆಸ್ಟ್ ತಾಗಿದರೆ ಹೊಸ ಶೀಟು ಮೊದಲ ದಿನವೇ ಹಾಳು. ಮುಂದಕ್ಕೆ 3, ಹಿಂದಕ್ಕೆ 17 ಎಂದು ಸ್ಲಾಟಿನ ಜಾಗವನ್ನೇ ಬದಲಿಸಿ. ಆಗ ಬೋಲ್ಟ್ ಸ್ಲಾಟಿನ ತುದಿಗೆ ತಾಗಿ ನಿಂತಾಗಲೂ 1 ಮಿ.ಮೀ. ಉಳಿದಿರುತ್ತದೆ. ಮಿತಿಯ ಅಂಕಿಯನ್ನು ಜಾಯಿಂಟಿನಲ್ಲಿ ಕೊಟ್ಟು ಸ್ಲಾಟನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ, ವರ್ಕ್‌ಶಾಪಿಗೆ ಹೋಗುವುದು ಸ್ಲಾಟು, ಜಾಯಿಂಟ್ ಹೋಗುವುದಿಲ್ಲ.

ಬ್ರೆಸ್ಟಿನ ಮುಖ ಡ್ರಮ್ಮಿನ ಸುತ್ತಿಗೆ ಹೊಂದಿದ ಬಾಗಿದ ಮುಖ. ಅದು ಅಡ್ಡಕ್ಕೆ ಸರಿಯುವಾಗ ಸಂದಿ ಎಲ್ಲ ಕಡೆ ಒಂದೇ ಸಮ ಬದಲಾಗುವುದಿಲ್ಲ. 2 ಮಿ.ಮೀ. ಹಿಂದಕ್ಕೆ ಎಳೆದರೆ ಶಾಫ್ಟಿನ ಮಟ್ಟದಲ್ಲಿ ಸಂದಿ ಪೂರ್ತಿ 2 ಹೆಚ್ಚುತ್ತದೆ. ಅಲ್ಲಿಂದ 45 ಡಿಗ್ರಿ ಮೇಲೆ ಅಥವಾ ಕೆಳಗೆ ಹೆಚ್ಚುವುದು ಸುಮಾರು 1.4 ಮಾತ್ರ. ಆದ್ದರಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ ಸಂದಿ ಅಳೆದು ಬರೆದಿಡಿ. ಸ್ಲೈಡರನ್ನು ಬೇರೆ ಬೇರೆ ಸ್ಥಾನಕ್ಕೆ ಎಳೆದು ಇದೇ ಮೂರು ಅಳತೆಯನ್ನು ಮತ್ತೆ ತೆಗೆಯಿರಿ. ಈ ಪಟ್ಟಿಯನ್ನು ಎಸ್ಟೇಟಿನಲ್ಲಿ ಯಂತ್ರ ಹೊಂದಿಸುವವರ ಕೈಗೆ ಕೊಟ್ಟರೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು) ಹಿಡಿದು ಎಲ್ಲಿ ಎಷ್ಟು ನೋಡಬೇಕೆಂದು ಅವರಿಗೆ ತಿಳಿಯುತ್ತದೆ.

ಸ್ಲೈಡರ್ ಮುಚ್ಚಿಡುವ ಒಂದು ಸಂಗತಿಯಿದೆ. ನಿಜದಲ್ಲಿ ಬ್ರೆಸ್ಟಿನ ಎಡಕ್ಕೊಂದು ಬಲಕ್ಕೊಂದು ಬೋಲ್ಟ್ ಇರುತ್ತದೆ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಸರಿಸಿದರೆ ಪ್ಲೇಟ್ ಓರೆಯಾಗುತ್ತದೆ. ಒಂದು ತುದಿಯಲ್ಲಿ ಬೀಜ ಕತ್ತರಿಸುತ್ತ ಇನ್ನೊಂದು ತುದಿಯಲ್ಲಿ ಹಣ್ಣು ಹಾಗೇ ಹೋಗುವುದು ಇದರಿಂದಲೇ. ಸ್ಲೈಡರ್ ಜಾಯಿಂಟ್ ಪ್ಲೇಟನ್ನು ಯಾವಾಗಲೂ ಸಮಾಂತರವಾಗಿ ಹಿಡಿದಿರುವುದರಿಂದ ಮಾದರಿಯಲ್ಲಿ ಈ ದೋಷ ಕಾಣುವುದೇ ಇಲ್ಲ. ಪರೀಕ್ಷಿಸಬೇಕೆಂದರೆ ಫೈಲಿನ ಒಂದು ಪ್ರತಿಯಲ್ಲಿ ಸ್ಲೈಡರನ್ನು ತೆಗೆದು, ಬ್ರೆಸ್ಟಿನ ತಳವನ್ನು ಅದು ಕೂರುವ ಪಟ್ಟಿಗೆ ಸೊನ್ನೆಯ ಡಿಸ್ಟೆನ್ಸ್ ಜಾಯಿಂಟಿನಿಂದ ಮಾತ್ರ ತಾಗಿಸಿ. ಆಗ ಅದು ಪಟ್ಟಿಯ ಮೇಲೆ ಜರುಗಬಲ್ಲದು, ಓರೆಯಾಗಬಲ್ಲದು. ಒಂದು ತುದಿಯನ್ನು 1 ಮಿ.ಮೀ. ಮುಂದೆ ತಂದು ಎರಡೂ ತುದಿಯ ಸಂದಿ ಅಳೆದು ನೋಡಿ. ಎರಡು ಬೋಲ್ಟಿನ ಪಕ್ಕದಲ್ಲೂ ಅಳತೆಯ ಗೀರು ಹಾಕಿಸುವುದು ಎಷ್ಟು ಮುಖ್ಯವೆಂದು ಆ ಅಂಕಿಗಳೇ ತೋರಿಸುತ್ತವೆ.

ಹಂತ 6: ಮೋಟರು ಮತ್ತು ಬೆಲ್ಟು

ಮೋಟರಿನ ದೇಹ ಒಂದು ಭಾಗ, ಅದರ ಶಾಫ್ಟ್ ಮತ್ತು ಚಿಕ್ಕ ಪುಲ್ಲಿ ಸೇರಿ ಇನ್ನೊಂದು ಭಾಗ. ದೇಹವನ್ನು ಕೆಳಗಿನ ರೈಲಿಗೆ ಸ್ಲೈಡರಿನಿಂದ ಕಟ್ಟಿ, ದಿಕ್ಕು ಸ್ಲಾಟಿನ ಉದ್ದಕ್ಕೆ, ಮಿತಿ ಹಿಂದೆ 25 ಮುಂದೆ 25. ಚಿಕ್ಕ ಪುಲ್ಲಿಯ ಗುಂಪನ್ನು ಮೋಟರಿನ ದೇಹಕ್ಕೆ ರಿವಾಲ್ಯೂಟಿನಿಂದ ಕಟ್ಟಿ.

ಸ್ಥಾನದ ಲೆಕ್ಕ ಹೀಗೆ. ಎರಡು ಶಾಫ್ಟುಗಳ ಮಧ್ಯೆ ಅಡ್ಡಕ್ಕೆ 480, ಎತ್ತರದಲ್ಲಿ 360 ಇಟ್ಟರೆ ನೇರ ಮಧ್ಯಾಂತರ 600 ಬರುತ್ತದೆ. ಎತ್ತರದ 360 ಬರಲು ಮೇಲಿನ ರೈಲಿಗೂ ಮೋಟರ್ ಕೂರುವ ರೈಲಿಗೂ ನಡುವಿನ ಅಂತರ 403.5 ಇರಬೇಕು, ಏಕೆಂದರೆ ಮೇಲೆ 36.5 ಕೂಡುತ್ತದೆ, ಕೆಳಗೆ 80 ಕಳೆಯುತ್ತದೆ. ಮೋಟರ್ ಅಡ್ಡಕ್ಕೆ 25 ಸರಿದಾಗ ಮಧ್ಯಾಂತರ 25 ಬದಲಾಗುವುದಿಲ್ಲ, ಸುಮಾರು 20 ಮಾತ್ರ ಬದಲಾಗುತ್ತದೆ: ಹತ್ತಿರದ ತುದಿಯಲ್ಲಿ 580, ದೂರದ ತುದಿಯಲ್ಲಿ 620. ಬೆಲ್ಟ್ ಓರೆಯಾಗಿ ಹಾಯುವ ಎಲ್ಲ ಯಂತ್ರದಲ್ಲೂ ಇದು ಹೀಗೇ. ಸ್ಲಾಟಿನ ಉದ್ದ ನಿರ್ಧರಿಸುವಾಗ ಇದನ್ನು ಮರೆತರೆ ಬೆಲ್ಟ್ ಬಿಗಿಯಾಗುವ ಮೊದಲೇ ಸ್ಲಾಟ್ ಮುಗಿದಿರುತ್ತದೆ.

ಬೆಲ್ಟಿನ ಉದ್ದ: ಮಧ್ಯಾಂತರದ ಎರಡು ಪಟ್ಟು, ಎರಡು ವ್ಯಾಸಗಳ ಮೊತ್ತದ 1.57 ಪಟ್ಟು, ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಮಧ್ಯಾಂತರದ ನಾಲ್ಕು ಪಟ್ಟಿನಿಂದ ಭಾಗಿಸಿದ್ದು, ಈ ಮೂರನ್ನೂ ಕೂಡಿಸಿ. 600ಕ್ಕೆ 1200, 825, 59. ಒಟ್ಟು ಸುಮಾರು 2083 ಮಿ.ಮೀ. ಅಂಗಡಿಯಲ್ಲಿ ಸಿಗುವ ಎ80 ಬೆಲ್ಟಿನ ಒಳ ಉದ್ದ 80 ಇಂಚು ಅಂದರೆ 2032, ಪಿಚ್ ಉದ್ದ (ಬೆಲ್ಟಿನೊಳಗಿನ ದಾರದ ಮಟ್ಟದಲ್ಲಿ ಅಳೆದ, ನಮ್ಮ ಲೆಕ್ಕಕ್ಕೆ ಹೋಲಿಸುವ ಉದ್ದ) ಅದಕ್ಕಿಂತ 33ರಿಂದ 36 ಹೆಚ್ಚು. ಅದನ್ನು ಹಾಕಿದರೆ ಮಧ್ಯಾಂತರ ಸುಮಾರು 590ಕ್ಕೆ ನಿಲ್ಲುತ್ತದೆ. ಮುಂದೆ ಬೆಲ್ಟ್ ಹಿಗ್ಗಿದಾಗ ಎಳೆಯಲು 30 ಉಳಿದಿದೆ, ಆದರೆ ಬೆಲ್ಟನ್ನು ಗ್ರೂವಿಗೆ ಏರಿಸಲು ಇರುವ ಸಡಿಲ 10 ಮಾತ್ರ. ಇದು ಸಾಲದು. ಸ್ಲಾಟನ್ನು ಡ್ರಮ್ಮಿನ ಕಡೆಗೆ ಇನ್ನೂ 15 ಮಿ.ಮೀ. ಉದ್ದ ಮಾಡಿ, ಇಲ್ಲದಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಿ ಬೆಲ್ಟ್ ಏರಿಸುತ್ತಾರೆ, ಬೆಲ್ಟಿನೊಳಗಿನ ದಾರ ತುಂಡಾಗುತ್ತದೆ.

ಈಗ ಬೆಲ್ಟ್ ಜಾಯಿಂಟ್. ಎರಡು ಪುಲ್ಲಿಗಳ ರಿವಾಲ್ಯೂಟ್ ಮೊದಲೇ ಇರಬೇಕು. ಆಮೇಲೆ ಎರಡನ್ನೂ ಆರಿಸಿ ತ್ರಿಜ್ಯಗಳನ್ನು ಕೊಡಿ: 37.5 ಮತ್ತು 225. ವ್ಯಾಸ ಕೊಟ್ಟುಬಿಡುವವರಿದ್ದಾರೆ, ಎರಡಕ್ಕೂ ವ್ಯಾಸ ಕೊಟ್ಟರೆ ಅನುಪಾತ ಅದೇ ಬರುವುದರಿಂದ ತಪ್ಪು ಕಾಣುವುದಿಲ್ಲ, ಒಂದಕ್ಕೆ ವ್ಯಾಸ ಇನ್ನೊಂದಕ್ಕೆ ತ್ರಿಜ್ಯ ಕೊಟ್ಟರೆ ಕೆಡುತ್ತದೆ. ಮೋಟರ್ ಪುಲ್ಲಿಯನ್ನು ಆರು ಸುತ್ತು ತಿರುಗಿಸಿದರೆ ಡ್ರಮ್ ಒಂದು ಸುತ್ತು, ಅದೇ ದಿಕ್ಕಿಗೆ ತಿರುಗಬೇಕು. ಎದುರು ದಿಕ್ಕಿಗೆ ತಿರುಗಿದರೆ ಗೇರ್ ಜಾಯಿಂಟ್ ಒತ್ತಿದ್ದೀರಿ, ಇಲ್ಲವೇ ಒಂದು ರಿವಾಲ್ಯೂಟಿನ ಝಡ್ ಅಕ್ಷ ತಲೆಕೆಳಗಾಗಿದೆ. ಈ ಜಾಯಿಂಟ್ ತಿರುಗುವ ಅನುಪಾತವನ್ನಷ್ಟೇ ಕಾಯುತ್ತದೆ, ಬೆಲ್ಟಿನ ಉದ್ದವನ್ನು ಕಾಯುವುದಿಲ್ಲ. ಅದಕ್ಕೇ ಮೇಲಿನ ಲೆಕ್ಕ ಕೈಯಿಂದ ಮಾಡಬೇಕು.

ಎರಡು ಗ್ರೂವುಗಳ ಮಧ್ಯದ ಸಮತಲ ಒಂದೇ ಆಗಿದೆಯೇ ಎಂದು ಸ್ಲೈಡರಿನ ಎರಡೂ ತುದಿಯಲ್ಲಿ ಅಳೆಯಿರಿ. ಒಂದು ತುದಿಯಲ್ಲಿ ಸೊನ್ನೆ ಬಂದು ಇನ್ನೊಂದರಲ್ಲಿ 1.5 ಬಂದರೆ ಸ್ಲಾಟುಗಳು ಶಾಫ್ಟಿಗೆ ಲಂಬವಾಗಿಲ್ಲ. ಹೀಗೇ ಕೊರೆದರೆ ಪ್ರತಿ ಸಲ ಬಿಗಿಮಾಡಿದಾಗಲೂ ಬೆಲ್ಟ್ ಒಂದು ಬದಿಗೆ ಸವೆಯುತ್ತದೆ.

ಹಂತ 7: ಉಳಿದದ್ದು

ಹಾಪರ್, ಬೆಲ್ಟ್ ಗಾರ್ಡ್, ನೀರಿನ ಪೈಪಿನ ಬ್ರಾಕೆಟ್ ಎಲ್ಲಕ್ಕೂ ಫಿಕ್ಸ್ಡ್ ಜಾಯಿಂಟ್ ಸಾಕು, ಕಟ್ಟುವುದು ಫ್ರೇಮಿಗೇ. ಗಾರ್ಡನ್ನು ಮೋಟರಿಗೆ ಕಟ್ಟಿದರೆ ಮೋಟರ್ ಸರಿದಾಗ ಗಾರ್ಡೂ ಸರಿದು ದೊಡ್ಡ ಪುಲ್ಲಿಗೆ ತಾಗುತ್ತದೆ. ಬೋಲ್ಟುಗಳನ್ನು ಎಲ್ಲ ಮುಗಿದ ಮೇಲೆ ಸೇರಿಸಿ. ಚಲನೆಯ ಲೆಕ್ಕಕ್ಕೆ ಅವು ಬೇಡ, ಸಾಮಾನು ಪಟ್ಟಿಗೆ ಬೇಕು.

ಪರೀಕ್ಷೆ

ಫ್ರೇಮು ಬಿಟ್ಟು ಲೆಕ್ಕಕ್ಕೆ ಬರುವ ಭಾಗಗಳು ಆರು: ಎರಡು ಬ್ಲಾಕ್, ಡ್ರಮ್ಮಿನ ಗುಂಪು, ಬ್ರೆಸ್ಟ್, ಮೋಟರಿನ ದೇಹ, ಚಿಕ್ಕ ಪುಲ್ಲಿಯ ಗುಂಪು. ಆರು ಆರಲೆ 36 ಚಲನೆ. ಎರಡು ಫಿಕ್ಸ್ಡ್ ತೆಗೆದದ್ದು 12, ಎರಡು ರಿವಾಲ್ಯೂಟ್ 10, ಎರಡು ಸ್ಲೈಡರ್ 10, ಬೆಲ್ಟ್ 1, ಒಟ್ಟು 33. ಉಳಿದದ್ದು 3. ಹಾಪರ್, ಗಾರ್ಡುಗಳು ಆರು ತಂದು ಆರನ್ನೂ ಕಳೆದುಕೊಳ್ಳುವುದರಿಂದ ಲೆಕ್ಕ ಬದಲಾಗದು. ಹಾಳೆಯಲ್ಲಿ ಬರೆದಿಟ್ಟ ಮೂರು ಚಲನೆಗಳನ್ನು ಒಂದೊಂದಾಗಿ ಎಳೆದು ನೋಡಿ. ಆಮೇಲೆ ಚಲಿಸಬಾರದ ಪ್ರತಿ ಭಾಗವನ್ನೂ ಹಿಡಿದು ಎಳೆಯಿರಿ. ಹಾಪರ್ ಕೈಗೆ ಬಂದರೆ ಅದರ ಜಾಯಿಂಟ್ ಮರೆತಿದ್ದೀರಿ.

ಮುಂದಿನ ಪರೀಕ್ಷೆ ಇನ್ನೂ ಕಠಿಣ. ಫ್ರೇಮಿನ ಫೈಲ್ ತೆರೆದು ರೈಲುಗಳ ಅಂತರವನ್ನು 400ರಿಂದ 420 ಮಾಡಿ, ಜೋಡಣೆಯನ್ನು ಮತ್ತೆ ಸಾಲ್ವ್ ಮಾಡಿ. ಎರಡನೇ ಬ್ಲಾಕ್ ರೈಲಿನ ಜೊತೆ 20 ಸರಿಯಬೇಕು, ಶಾಫ್ಟ್ ಪುಲ್ಲಿ ಕಡೆಯ ಬ್ಲಾಕಿಗೇ ಅಂಟಿಕೊಂಡಿರಬೇಕು, ಯಾವುದೂ ಕೆಂಪಾಗಬಾರದು. ಏನಾದರೂ ಮುರಿದರೆ ಮುರಿದ ಜಾಯಿಂಟನ್ನೇ ಅಳಿಸಲು ಹೋಗಬೇಡಿ. ಜಾಯಿಂಟುಗಳನ್ನು ಕೊನೆಯದರಿಂದ ಶುರುಮಾಡಿ ಒಂದೊಂದಾಗಿ ನಿಷ್ಕ್ರಿಯಗೊಳಿಸುತ್ತ ಬನ್ನಿ. ಯಾವುದನ್ನು ನಿಲ್ಲಿಸಿದಾಗ ದೋಷ ಹೋಗುತ್ತದೋ ಅದೂ ಅದಕ್ಕೆ ಎದುರಾದ ಇನ್ನೊಂದೂ ಒಂದೇ ಚಲನೆಗಾಗಿ ಜಗಳವಾಡುತ್ತಿವೆ. ಅವೆರಡರಲ್ಲಿ ನಿಜವಾದ ಯಂತ್ರದಲ್ಲಿ ಇಲ್ಲದ್ದನ್ನು ತೆಗೆಯಿರಿ. 420ರಲ್ಲಿ ಎಲ್ಲ ಸರಿಬಂದ ಮೇಲೆ ಅಳತೆಯನ್ನು 400ಕ್ಕೆ ವಾಪಸ್ ತಂದು, ಸೇವ್ ಮಾಡಿ, ಇಡೀ ಫೋಲ್ಡರಿನ ಒಂದು ಪ್ರತಿಯನ್ನು ದಿನಾಂಕ ಹಾಕಿ ಬೇರೆ ಡಿಸ್ಕಿನಲ್ಲಿ ಇಟ್ಟ ನಂತರವೇ ರಂಧ್ರಗಳ ಡ್ರಾಯಿಂಗನ್ನು ವರ್ಕ್‌ಶಾಪಿಗೆ ಕಳಿಸಿ.